ಅಕ್ಕನ ಮೊಣಕೈ ಎತ್ತರ

ಬಸವಕಲ್ಯಾಣದ ನಮ್ಮ ಮನೆಯ ಅಡುಗೆಕಟ್ಟೆಯನ್ನು ಅಕ್ಕನ ಅಳತೆಗೆ ಮಾಡಿಸಿದ್ದು. ಅಕ್ಕ ಎಂದರೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಈ ಮನೆಗೆ ಬಂದಾಗ ಸೀರೆಯ ನೆರಿಗೆ ನಿಲ್ಲದೆ ಪರದಾಡುತ್ತಿದ್ದರೆ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಮುಂದೆ ಕೂತು ಸರಿಮಾಡಿದವಳು ಅವಳೇ.

ನನ್ನ ತವರು ಹುಮನಾಬಾದ್. ಅಲ್ಲಿ ಕಾನ್ವೆಂಟಿನಲ್ಲಿ ಓದಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಯಾರಾದರೂ ಬೆನ್ನು ಗೂನು ಮಾಡಿಕೊಂಡು ನಿಂತರೆ ಸಿಸ್ಟರ್ ಹಿಂದಿನಿಂದ ಬಂದು ಮರದ ಸ್ಕೇಲನ್ನು ಬೆನ್ನಿಗೆ ಮೆಲ್ಲಗೆ ತಾಗಿಸುತ್ತಿದ್ದರು. ಆ ತಣ್ಣನೆಯ ಸ್ಕೇಲು ಈಗಲೂ ನನ್ನ ಬೆನ್ನಲ್ಲಿದೆ. ಹೊಸ ಸೊಸೆಯಾಗಿ ಮಾವನವರಿಗೆ ಚಹಾ ಕೊಡಲು ನೆಟ್ಟಗೆ ನಡೆದು ಹೋದಾಗ, ಆಗಿನ್ನೂ ಬದುಕಿದ್ದ ಅತ್ತೆ ಬಾಗಿಲಲ್ಲಿ ನಿಂತು ಅಂದಿದ್ದರು: "ಕಾನ್ವೆಂಟ್ ಸೊಸಿ ನೋಡ್ರಿ, ಬೆನ್ನಿಗಿ ಪಟ್ಟಿ ಕಟ್ಕೊಂಡ ಬಂದಾಳ!" ಎಲ್ಲರೂ ನಕ್ಕರು. ನನ್ನದು ಗಿಡ್ಡ ಮೈಕಟ್ಟು. ನೆಟ್ಟಗೆ ನಿಂತರೂ ಯಾರ ಕಣ್ಣಿಗೂ ಎತ್ತರ ಕಾಣದು ಎಂದೋ ಏನೋ, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಅಕ್ಕ ಹಾಗಲ್ಲ. ಮಾವನವರ ಕೆಮ್ಮು ಕೇಳಿದರೆ ಸಾಕು, ಸೆರಗು ತಲೆಯ ಮೇಲೆ, ಕತ್ತು ಕೆಳಗೆ, ಭುಜ ಮುಂದಕ್ಕೆ. ಮೊಣಕಾಲು ಕೂಡ ಸ್ವಲ್ಪ ಮಡಿಚುತ್ತಿದ್ದಳು. ಪಡಸಾಲೆಯಲ್ಲಿ ಮಾವನವರ ಮಂಚ, ಅದರ ಎದುರಿಗೇ ಅಡುಗೆಮನೆಯ ಬಾಗಿಲು. ಹಾಗಾಗಿ ಅಡುಗೆಮನೆಯಲ್ಲಿದ್ದಷ್ಟು ಹೊತ್ತೂ ಅವಳು ಹಾಗೆಯೇ.

ಅವಳ ಬೆನ್ನು ನೋಯುತ್ತಿತ್ತು. ರೊಟ್ಟಿ ಬಡಿದು ಬೆನ್ನೆತ್ತಿದಾಗ ಎಡಗೈ ತಾನಾಗಿಯೇ ಸೊಂಟದ ಮೇಲೆ ಹೋಗಿ, ಸೀರೆಯ ಆ ಜಾಗದಲ್ಲಿ ಹಿಟ್ಟಿನ ಐದು ಬೆರಳು ಮೂಡುತ್ತಿದ್ದವು. "ರೊಟ್ಟಿ ನಾ ಬಡೀತೀನಿ ಬಿಡ್ರಿ ಅಕ್ಕಾ" ಎಂದರೆ ಕೇಳುತ್ತಿರಲಿಲ್ಲ.

"ನಿನ್ನ ರೊಟ್ಟಿ ಭಾರತದ ನಕ್ಷಾ ಆಗತದ. ಮಾವಾರು ಎಲ್ಲಿಂದ ಮುರೀಬೇಕು, ಕಾಶ್ಮೀರದಿಂದೇನು?"

ಚೇಷ್ಟೆಗೆ ಅಂದರೂ ಅದರೊಳಗೊಂದು ಹೆದರಿಕೆ ಇತ್ತು. ಅವಳಿಗೆ ಮಕ್ಕಳಾಗಲಿಲ್ಲ. ಈ ಮನೆಯಲ್ಲಿ ತನ್ನದು ಎಂದು ಅವಳು ಹೇಳಿಕೊಳ್ಳುತ್ತಿದ್ದುದು ಆ ರೊಟ್ಟಿ ಒಂದನ್ನೇ. ಒಮ್ಮೆ ಹಿಟ್ಟು ನಾದುತ್ತಾ, "ಬೆನ್ನ ಹೋತಂದ್ರ ಇದೂ ಹೋಗತದ ನೋಡ ತಂಗಿ" ಎಂದಿದ್ದಳು.

ಅದೇ ಸಮಯಕ್ಕೆ ನನ್ನ ತವರಿನ ಪಕ್ಕದ ಮನೆಯ ಹುಡುಗಿ ಬಂದಳು. ಗೃಹವಿಜ್ಞಾನ ಓದಿ, ಹೆಂಗಸರು ಅಡುಗೆಮನೆಯಲ್ಲಿ ಹೇಗೆ ಬಗ್ಗುತ್ತಾರೆ, ಹೇಗೆ ಕೈ ಚಾಚುತ್ತಾರೆ, ಬೆಳಕು ಎಲ್ಲಿಂದ ಬಿದ್ದರೆ ಕಣ್ಣಿಗೆ ಹಿತ, ಎಷ್ಟು ಎತ್ತರದ ಕಟ್ಟೆಯಲ್ಲಿ ಕೆಲಸ ಹಗುರ ಎಂದು ಸಂಶೋಧನೆ ಮಾಡುತ್ತಿದ್ದಳು. ನಾನೇ ಅವಳನ್ನು ಕರೆದಿದ್ದೆ. ಅಕ್ಕನ ಭುಜ, ಮೊಣಕೈ, ಮಣಿಕಟ್ಟು, ಸೊಂಟಕ್ಕೆ ಬಣ್ಣದ ಚುಕ್ಕಿ ಅಂಟಿಸಿ ಪಕ್ಕದಿಂದ ವಿಡಿಯೋ ತೆಗೆದಳು. ಅಕ್ಕನಿಗೆ ನಾಚಿಕೆ, ಖುಷಿ ಎರಡೂ. "ಮದುಮಗಳಾದಾಗೂ ಇಷ್ಟ ಬೊಟ್ಟ ಇಟ್ಟಿರಲಿಲ್ಲ ನನಗ!"

ಬಲ್ಬು ಬೆನ್ನ ಹಿಂದಿರುವುದರಿಂದ ಅವಳ ನೆರಳೇ ರೊಟ್ಟಿಯ ಮೇಲೆ ಬೀಳುತ್ತದೆ, ಅಂಚು ಕಾಣಲೆಂದು ಇನ್ನಷ್ಟು ಬಗ್ಗುತ್ತಾಳೆ ಎಂದು ಹುಡುಗಿ ತೋರಿಸಿದಳು. ಬಲ್ಬು ಮುಂದಕ್ಕೆ ಬಂತು. ಅತ್ತೆಯ ಕಾಲದ ಗಿಡ್ಡ ಕಟ್ಟೆಯನ್ನು ಒಡೆದು ಹೊಸದು ಕಟ್ಟಿಸಬೇಕೆಂದಳು. ನಿಂತು ರೊಟ್ಟಿ ಬಡಿಯುವವರಿಗೆ ಕಟ್ಟೆ ಮೊಣಕೈಗಿಂತ ಸ್ವಲ್ಪ ಕೆಳಗಿದ್ದರೆ ಸಾಕಂತೆ, ಆಗ ಬೆನ್ನು ಬಗ್ಗಬೇಕಿಲ್ಲ.

ಅಡುಗೆಮನೆಯಲ್ಲಿ ಅಳೆಯಲು ಖಾಲಿ ಗೋಡೆ ಇರಲಿಲ್ಲ. ಪಡಸಾಲೆಯ ಗೋಡೆಗೆ ಅಕ್ಕನನ್ನು ನಿಲ್ಲಿಸಿದೆವು. ಮಾವನವರು ಮಂಚದ ಮೇಲೆ ಪೇಪರ್ ಓದುತ್ತಿದ್ದರು.

"ಜರಾ ನೆಟ್ಟಗ ನಿಂದರ್ರಿ ಅಕ್ಕಾರ."

"ನೆಟ್ಟಗೇ ನಿಂತೀನಲ್ಲವಾ."

ಅವಳು ಸುಳ್ಳು ಹೇಳಲಿಲ್ಲ. ತಾನು ನೆಟ್ಟಗಿದ್ದೇನೆ ಎಂದೇ ಅವಳ ಮೈಗೆ ಅನ್ನಿಸುತ್ತಿತ್ತು. ತಲೆಯ ಮೇಲೆ ಸೆರಗಿತ್ತು, ಸೀರೆಯೊಳಗೆ ಮೊಣಕಾಲು ಯಾರಿಗೂ ಕಾಣುತ್ತಿರಲಿಲ್ಲ. ಹುಡುಗಿ ತಲೆಗೊಂದು, ಮೊಣಕೈಗೊಂದು ಗುರುತನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಹಾಕಿ ಅಳತೆ ಬರೆದುಕೊಂಡಳು. ಗೌಂಡಿ ಬಂದ. ಇಟ್ಟಿಗೆ ಏರಿಸಿ ಮೇಲೆ ಕರಿ ಫರಸಿ ಕಲ್ಲು ಕೂರಿಸಿದ.

ಮೊದಲು ಕೆಲವು ದಿನ ಹಗುರವೆನಿಸಿತು. ಹಳೆಯದಕ್ಕಿಂತ ಎತ್ತರವಿತ್ತಲ್ಲ. ಬಂದವರಿಗೆಲ್ಲ ಅಕ್ಕ ಫರಸಿ ಒರೆಸಿ ತೋರಿಸಿದಳು. "ನನ್ನ ಅಳತಿಗಿ ಮಾಡ್ಯಾರ." ಆದರೆ ಸೀರೆಯ ಮೇಲಿನ ಹಿಟ್ಟಿನ ಬೆರಳುಗಳು ಮಾತ್ರ ಮತ್ತೆ ಬಂದವು. ಕೇಳಿದರೆ, "ಹಳೀ ನೋವು, ಸಾವಕಾಶ ಹೋಗತದ" ಎನ್ನುತ್ತಿದ್ದಳು.

ಹೊಸ ಕಟ್ಟೆಯಲ್ಲಿ ಹೇಗೆ ಕೆಲಸ ನಡೆದಿದೆ ಎಂದು ನೋಡಲು ಹುಡುಗಿ ಇನ್ನೊಮ್ಮೆ ಬಂದಳು. ಅಂದು ಮಾವನವರು ಪಕ್ಕದೂರಿನ ಬೀಗರ ಮನೆಗೆ ಹೋಗಿದ್ದರು. ಅಕ್ಕನ ಸೆರಗು ಸೊಂಟದಲ್ಲಿತ್ತು. ಏನೋ ಹಾಡು ಗುನುಗುತ್ತಾ ಮೇಲಿನ ಹಲಗೆಯಿಂದ ಶೇಂಗಾ ಹಿಂಡಿಯ ಡಬ್ಬಿಯನ್ನು ಒಂದೇ ಕೈಯಲ್ಲಿ ಇಳಿಸಿದಳು. ನಾನು ಸ್ಟೂಲು ಹಾಕಿಕೊಂಡು ಹತ್ತುವ ಹಲಗೆ ಅದು. ಹುಡುಗಿ ಕ್ಯಾಮೆರಾ ಕೆಳಗಿಟ್ಟಳು.

"ಅಕ್ಕಾರ, ಇನ್ನೊಂದ ಸಲ ಆ ಗ್ವಾಡಿಗಿ ನಿಂದರ್ರಿ."

ಹಳೆಯ ಗುರುತಿಗಿಂತ ಅಕ್ಕನ ತಲೆ ಅಂಗೈ ಅಗಲಕ್ಕೂ ಮೇಲಿತ್ತು. ಹುಡುಗಿ ಅಲ್ಲಿ ಹೊಸ ಗೆರೆ ಎಳೆದಳು. ಮೂವರೂ ಆ ಎರಡು ಗೆರೆಗಳನ್ನು ನೋಡುತ್ತಾ ನಿಂತೆವು.

"ನಾ ಇಷ್ಟ ಎತ್ತರ ಅದೀನೇನ?" ಅಕ್ಕ ಕೇಳಿದಳು. ಅವಳ ಮುಖದಲ್ಲಿ ಅರೆಗಳಿಗೆ ಸಣ್ಣ ಹುಡುಗಿಯ ನಗು ಇತ್ತು.

ಕಟ್ಟೆ ಗಿಡ್ಡವಾಗಿದೆ, ಇನ್ನೊಂದು ಸಾಲು ಇಟ್ಟಿಗೆ ಏರಿಸಬೇಕು ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. ಅಕ್ಕ ಒಪ್ಪಲಿಲ್ಲ.

"ಬ್ಯಾಡವಾ. ಮೊನ್ನಿ ಕಟ್ಟಿಸಿ ಇವತ್ತ ಒಡದ್ರ ಮಂದಿ ನಗತಾರ. ಮಾವಾರಿಗಿ ಏನಂತ ಹೇಳೋದು? ನಿಮ್ಮ ಮುಂದ ಬಗ್ಗಿ ನಿಂತಿದ್ದೆ, ಅದಕ್ಕ ಹಿಂಗಾತು ಅಂತೇನು? ಅವರಿಗಿ ಎಷ್ಟ ಕೆಟ್ಟ ಅನಸತದ."

ಸಂಜೆ ಮಾವನವರು ಬರುವ ಮೊದಲು ಅವಳು ಒದ್ದೆ ಬಟ್ಟೆ ತಂದು ಗೋಡೆಯ ಮೇಲಿನ ಗೆರೆ ಒರೆಸಿದಳು. ಮೇಲಿನದನ್ನು ಮಾತ್ರ.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದವಳು ಹಾಗೆಯೇ ಫರಸಿ ಹಿಡಿದು ನಿಂತಳು. ಮೇಲೇಳಲು ಆಗಲಿಲ್ಲ. ಎಡಗಾಲು ತನ್ನದಲ್ಲ ಅನಿಸುತ್ತದೆ ಎಂದಳು. ಹುಮನಾಬಾದಿಗೆ ಕರೆದೊಯ್ದೆವು. ಡಾಕ್ಟರು ಎಕ್ಸ್-ರೇ ನೋಡಿ, ಇದು ವರ್ಷಗಳಿಂದ ಸವೆದ ಬೆನ್ನು, ಇನ್ನು ಬಗ್ಗುವುದು, ನಿಂತು ಕೆಲಸ ಮಾಡುವುದು ಬೇಡ ಎಂದರು. ಬರುವಾಗ ಗಾಡಿಯ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಉಗುರಿನ ಸುತ್ತ ಜೋಳದ ಹಿಟ್ಟು ಒಣಗಿ ಹಾಗೆಯೇ ಇತ್ತು. ಅದನ್ನು ನಾನು ಒಂದೊಂದಾಗಿ ಕೆರೆದು ತೆಗೆದೆ.

ಗೋಡೆಯ ಸಂಗತಿಯನ್ನು ನಾನೇ ಮಾವನವರಿಗೆ ಹೇಳಿದೆ. ಅವರು ಪೇಪರನ್ನು ಮಡಿಸಿ, ಮತ್ತೆ ಮಡಿಸಿ ಅಂಗೈಯಷ್ಟು ಮಾಡಿದರು.

"ನಾ ಯಾವಾಗರ ಬಗ್ಗಂತ ಅಂದೀನೇನವಾ?"

"ಇಲ್ರಿ ಮಾವಾರ."

ನಿಜಕ್ಕೂ ಅವರು ಅಂದಿರಲಿಲ್ಲ. ಆ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

"ಗೌಂಡಿಗಿ ಕರೀರಿ. ಕಟ್ಟಿ ಎತ್ತರ ಮಾಡಸ್ರಿ" ಎಂದರು. ಒಳಕೋಣೆಯಲ್ಲಿ ಮಲಗಿದ್ದ ಅಕ್ಕನಿಗೆ ಕೇಳಿಸಿತು. ಅವಳು ಎಂದೂ ಅವರೊಂದಿಗೆ ನೇರ ಮಾತಾಡಿದವಳಲ್ಲ. ಅಲ್ಲಿಂದಲೇ ನನಗೆ ಅಂದಳು:

"ತಂಗಿ, ಮಾವಾರಿಗಿ ಹೇಳು, ಈಗ ಬ್ಯಾಡ್ರಿ ಅಂತ. ಎತ್ತರ ಮಾಡಿದ್ರ ನಿನಗ ತ್ರಾಸ ಆಗತದ. ನಿನಗ ಅದು ಬರೋಬ್ಬರಿ ಅದ."

ಕಟ್ಟೆ ಹಾಗೆಯೇ ಉಳಿಯಿತು. ಈಗ ರೊಟ್ಟಿ ನಾನು ಬಡಿಯುತ್ತೇನೆ. ನನ್ನ ಗಿಡ್ಡ ಮೈಗೆ ಹೇಳಿ ಮಾಡಿಸಿದ ಹಾಗಿದೆ ಆ ಕಟ್ಟೆ, ಮೊಣಕೈ ಸಲೀಸಾಗಿ ಆಡುತ್ತದೆ, ಬೆಳಕು ಮುಂದಿನಿಂದ ಬೀಳುತ್ತದೆ. ರೊಟ್ಟಿ ದುಂಡಗೂ ಆಗತೊಡಗಿದೆ. ಮಾವನವರು ಅಂಚಿನಿಂದ ಮುರಿದು ಉಣ್ಣುತ್ತಾರೆ. ಒಳಕೋಣೆಯ ಮುಂದೆ ಹಾಯುವಾಗ ಅವರೀಗ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ, ಸಪ್ಪಳ ಕೇಳಿ ಅಕ್ಕ ಏಳಲು ಹೋಗಬಾರದೆಂದು. ಆದರೂ ಅವಳಿಗೆ ಗೊತ್ತಾಗುತ್ತದೆ. ಮಲಗಿದಲ್ಲೇ ಕಾಲು ಒಳಗೆಳೆದುಕೊಂಡು ಸೆರಗು ಹುಡುಕುತ್ತಾಳೆ.

ದಿನಾ ನಾನು ಹಂಚು ಇಳಿಸುವ ಸಪ್ಪಳಕ್ಕೆ ಒಳಗಿನಿಂದ ಕೇಳುತ್ತಾಳೆ:

"ಬೆನ್ನ ನೋಯಾಕತ್ತದೇನ ತಂಗಿ?"

"ಇಲ್ಲಕ್ಕಾ."

"ಖರೇ ಹೇಳು."

"ಖರೇನೇ ಇಲ್ಲಕ್ಕಾ" ಎನ್ನುತ್ತೇನೆ. ಒಮ್ಮೆಯಾದರೂ ನೋಯಲಿ ಎಂದು ಫರಸಿ ಒರೆಸುವಾಗ ಅನ್ನಿಸುವುದುಂಟು. ನೋಯುವುದಿಲ್ಲ.