ಹಾಲಮ್ಮ ಬೆಳಗಿದ ಕೊಡ

ಮೂವತ್ತು ವರ್ಷ ಖಾನಾವಳಿ ನಡೆಸಿದ ಹಾಲಮ್ಮನಿಗೆ ಕಿಲುಬು ಕಂಡರೆ ಮೈಯುರಿ. ಹಡಗಲಿಯ ಸಾಹುಕಾರ ಗುರುಬಸವರಾಜ ತಾನು ಕೂಡಿಟ್ಟ ಹಳೆಯ ಸಾಮಾನಿಗೆಂದೇ ಮ್ಯೂಸಿಯಂ ಕಟ್ಟಿಸಿದ್ದ. ಸಂತೆ ಮುಗಿಸಿ ಅದನ್ನು ನೋಡಲು ಹೋದವಳು ‘ವಿಜಯನಗರ ಕಾಲದ ತಾಮ್ರದ ಕೊಡ’ ಎಂದು ಫಲಕ ಹಾಕಿದ್ದ ಕೊಡದ ಮುಂದೆ ನಿಂತಳು.

“ಇಷ್ಟು ದೊಡ್ಡ ಮನಿ ಕಟ್ಯಾರ, ಒಂದು ಕೊಡ ಬೆಳಗಾಕ ಯಾರೂ ಇಲ್ಲೇನು?” ಎಂದವಳೇ ಚೀಲದಿಂದ ಹುಣಸೆಹಣ್ಣು ತೆಗೆದು ಉಜ್ಜತೊಡಗಿದಳು.

“ಯವ್ವಾ, ಐನೂರು ವರ್ಷದ ಕಿಲುಬು ತೆಗೆದುಬಿಟ್ಟೆಲ್ಲ!” ಎಂದು ಸಾಹುಕಾರ ಓಡಿ ಬರುವಷ್ಟರಲ್ಲಿ ಕೊಡ ಫಳಫಳ ಹೊಳೆಯುತ್ತಿತ್ತು. ಕೊರಳಲ್ಲಿ ಕೊರೆದ ಅಕ್ಷರಗಳೂ ಎದ್ದು ಕಂಡವು: ‘ಚಿ. ಸೌ. ಶಿವಗಂಗಾಳ ಮದುವೆಗೆ ಸೋದರಮಾವನ ಮುಯ್ಯಿ, 1984’.

ಈಗ ಆ ಬರಹ ಗೋಡೆಯತ್ತ ತಿರುಗಿದೆ. ಫಲಕ ಮಾತ್ರ ಹಾಗೇ ಇದೆ. ಬಾಗಿಲಲ್ಲಿ ಕಾವಲುಗಾರ ಬಂದವರ ಚೀಲ ತಡಕುತ್ತಾನೆ. ಹುಣಸೆಹಣ್ಣು ಇದ್ದವರಿಗೆ ಒಳಗೆ ಪ್ರವೇಶವಿಲ್ಲ.