ಪೆಟ್ರೋಲ್ ಪಟ್ಟಿಯ ಬಸ್ಸು

ನಮ್ಮೂರಿಗೆ ಬಸ್ಸು ಬಂದ ಕತೆ ಹೇಳಬೇಕೆಂದರೆ ನನ್ನ ಕಿರಾಣಿ ಅಂಗಡಿಯಿಂದಲೇ ಶುರು ಮಾಡಬೇಕು. ಸಾಲಗುಂದದ ಕಡೆ, ಕಾಲುವೆಯ ಮಗ್ಗುಲಲ್ಲಿರುವ ಊರು ನಮ್ಮದು. ಪೆಟ್ರೋಲ್ ಬಂಕಿಲ್ಲ. ಸಿಂಧನೂರಿನಿಂದ ಕ್ಯಾನಿನಲ್ಲಿ ತಂದು, ನೀರಿನ ಬಾಟಲಿಗಳಿಗೆ ತುಂಬಿ, ಸೋಪು ಬಿಸ್ಕೀಟುಗಳ ಪಕ್ಕದಲ್ಲಿಟ್ಟು ನಾನೇ ಮಾರುತ್ತೇನೆ. ಹಾಗೆ ಮಾರಬಾರದು ಎಂಬುದು ನನಗೂ ಗೊತ್ತು, ಕೊಳ್ಳುವವರಿಗೂ ಗೊತ್ತು.

ಆ ವರ್ಷ ಸರ್ಕಾರ ಪೆಟ್ರೋಲಿನ ಮೇಲಿನ ತೆರಿಗೆ ಏರಿಸಿತು. ಅಂಗಡಿಯ ಕಟ್ಟೆಯ ಮೇಲೆ ಕೂತವರೆಲ್ಲ ಬಾಯಿಗೆ ಬಂದಂತೆ ಬೈದರು.

"ಈ ತೆರಿಗಿ ರೊಕ್ಕದಾಗ ರಸ್ತೆ ಮಾಡ್ತಾರಂತ. ಯಾರ ಊರಾಗ ಮಾಡ್ತಾರೋ ಏನೋ, ನಮ್ಮೂರಾಗಂತೂ ಅಲ್ಲ" ಎಂದ ಎದುರಿನ ಚಹಾ ಹೋಟೆಲಿನವನು.

ಅದು ಸುಳ್ಳಲ್ಲ. ನಮ್ಮ ರಸ್ತೆಯ ಗುಂಡಿಗಳಲ್ಲಿ ಎಮ್ಮೆಗಳು ಮಲಗುತ್ತಿದ್ದವು. ಬಸ್ಸು ಎಂದೋ ಬರುವುದನ್ನು ಬಿಟ್ಟಿತ್ತು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ ಆದ ಮೇಲೆ ನಮ್ಮೂರ ಹೆಂಗಸರು ಆಧಾರ್ ಕಾರ್ಡನ್ನು ಜೋಪಾನವಾಗಿ ಕಟ್ಟಿಟ್ಟುಕೊಂಡು, ಇಲ್ಲದ ಬಸ್ಸಿನಲ್ಲಿ ಪುಕ್ಕಟೆ ಓಡಾಡುವ ಹಕ್ಕನ್ನು ಮನೆಯಲ್ಲೇ ಕೂತು ಅನುಭವಿಸುತ್ತಿದ್ದರು.

ಬಸ್ಸು ನಿಜವಾಗಿ ಬೇಕಾಗಿದ್ದದ್ದು ನನ್ನ ಅವ್ವನಿಗೆ. ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದಿತ್ತು. ತಿಂಗಳಿಗೊಮ್ಮೆ ಸಿಂಧನೂರಿಗೆ ಹೋಗಿ ಕಣ್ಣಿಗೆ ಸೂಜಿ ಹಾಕಿಸಬೇಕು, ತಪ್ಪಿಸಿದರೆ ಉಳಿದ ನೋಟವೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಮ್ಮೆ ನನ್ನ ಬೈಕಿನ ಮೇಲೆ ಹೋಗುವಾಗ ಕಾಲುವೆ ಸೇತುವೆಯ ಹತ್ತಿರ ಗಾಲಿ ಗುಂಡಿಗೆ ಇಳಿದು ಇಬ್ಬರೂ ಬಿದ್ದೆವು. ಅಂದಿನಿಂದ ಅವಳು ಬೈಕು ಹತ್ತಲೊಲ್ಲಳು. ಆಟೋದವರು ನಮ್ಮೂರ ಹೆಸರು ಹೇಳಿದರೆ ದೂರದಿಂದಲೇ ಕೈ ಮುಗಿಯುತ್ತಿದ್ದರು. ಒಂದು ತಿಂಗಳ ಸೂಜಿ ಆಗಲೇ ತಪ್ಪಿತ್ತು.

ಕೊನೆಗೆ ಅವ್ವನೇ ಕಟ್ಟೆಯವರಿಗೆ ಅಂದಳು: "ಬೈಯೋದು ಸಾಕ್ ಮಾಡ್ರಿ. ಗುಡಿಗೆ ಪಟ್ಟಿ ಎತ್ತತೀರಿ, ಮೊಹರಮ್ಮಿಗೆ ಪಟ್ಟಿ ಎತ್ತತೀರಿ, ರಸ್ತಾಕ್ಕೂ ಒಂದು ಎತ್ತರಿ. ಬಾಟ್ಲಿಗೆ ಎರಡು ರೂಪಾಯಿ ಹೆಚ್ಚಿಗಿ ತೊಗೊಳ್ಳಲಿ ನನ್ನ ಮಗ."

ಪಟ್ಟಿ ಎಂದರೆ ಊರವರೆಲ್ಲ ಕೂಡಿ ಕೊಡುವ ವಂತಿಗೆ. ಸರ್ಕಾರದ ತೆರಿಗೆಗೆ ಶಾಪ ಹಾಕುವವನೂ ನಮ್ಮಲ್ಲಿ ಪಟ್ಟಿಗೆ ಇಲ್ಲ ಎನ್ನುವುದಿಲ್ಲ. ಯಾಕೆಂದರೆ ಪಟ್ಟಿ ಕೊಟ್ಟವನಿಗೆ ಮೊದಲ ಮರ್ಯಾದೆ. ಗುಡಿಯಲ್ಲಿ ಮೊದಲ ಪ್ರಸಾದ ಅವನಿಗೆ, ಮೊಹರಮ್ಮಿನಲ್ಲಿ ಮೊದಲ ಸಕ್ಕರೆ ಅವನಿಗೆ. ತೆರಿಗೆ ಕೊಟ್ಟವನಿಗೆ ಯಾರು ಸಕ್ಕರೆ ಕೊಟ್ಟಾರು?

ಹೀಗೆ ನಾನು ಊರಿನ ಹಣಕಾಸು ಮಂತ್ರಿಯಾದೆ. ಒಬ್ಬ ಮಹಾಶಯ ಮಾತ್ರ ಎರಡು ರೂಪಾಯಿ ಉಳಿಸಲು ಮಸ್ಕಿಯವರೆಗೆ ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬಂದ. ಮನೆ ಮುಟ್ಟುವಷ್ಟರಲ್ಲಿ ಹಾಕಿಸಿದ್ದರಲ್ಲಿ ಅರ್ಧ ಸುಟ್ಟಿತ್ತು. ಉಳಿದವರು ಗೊಣಗುತ್ತಲೇ ಕೊಟ್ಟರು. ಸುಗ್ಗಿ ಮುಗಿಯುವ ಹೊತ್ತಿಗೆ ಗುಂಡಿ ತುಂಬಿಸುವಷ್ಟು ಗರಸು ಮಣ್ಣು ಬಂದು ರಸ್ತೆಯ ಪಕ್ಕ ಬಿತ್ತು.

ರೊಕ್ಕ ಕೊಟ್ಟ ಗಂಡಸರು ಮಣ್ಣಿನ ಪುಟ್ಟಿ ಹಿಡಿಯುವುದುಂಟೇ? ಗರಸು ಹೊತ್ತು ಗುಂಡಿ ತುಂಬಿದವರು ಹೆಂಗಸರು. ಅವರಿಗೆ ಬೈಕಿಲ್ಲ, ಆದ್ದರಿಂದ ಪಟ್ಟಿಯೂ ಇಲ್ಲ. ಅವ್ವ ಮಂಜುಗಣ್ಣಿನಲ್ಲೇ ನಾಲ್ಕು ದಿನ ಹೊತ್ತಳು. ಎಲ್ಲಿ ತಗ್ಗಿದೆ ಎಂದು ಕಾಲಿನಿಂದ ತಡವಿ ನೋಡಿ ಸುರಿಯುತ್ತಿದ್ದಳು. ನಾನು ಅಂಗಡಿಯಲ್ಲಿದ್ದೆ, ಮಂತ್ರಿಗೆ ಬಿಡುವೆಲ್ಲಿ.

ರಸ್ತೆ ನೋಡಿಕೊಂಡು ಹೋದ ಬಸ್ಸಿನವರು ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬಿಡಲು ಒಪ್ಪಿದರು. ಮೊದಲ ಬಸ್ಸು ಬಂದ ದಿನವೇ ಅವ್ವನ ಸೂಜಿಯ ದಿನ. ಬಸ್ಸಿಗೆ ಹಾರ ಹಾಕಿದೆವು, ಕಾಯಿ ಒಡೆದೆವು, ಗಾಲಿಗೆ ನಿಂಬೆಹಣ್ಣು ಇಟ್ಟೆವು. ಇನ್ನೂ ಬಸ್ಸು ಪೂರ್ತಿ ನಿಂತಿರಲಿಲ್ಲ, ಕಿಟಕಿಗಳಿಂದ ಟವೆಲುಗಳು ಒಳಗೆ ಬಿದ್ದವು. ಬೈಕು ಮನೆಯ ಮುಂದೆ ನಿಲ್ಲಿಸಿ ಬಂದ ಗಂಡಸರೆಲ್ಲ ಹತ್ತಿದರು. ಹೋಟೆಲಿನವನಿಗೆ ಅವತ್ತೇ ಲಿಂಗಸುಗೂರಿನ ಬೀಗರನ್ನು ಕಾಣಬೇಕೆನಿಸಿತ್ತು. ಇನ್ನು ಕೆಲವರಿಗೆ ಸಿಂಧನೂರಿನಲ್ಲಿ ಒಂದು ಕಪ್ ಚಹಾ ಕುಡಿಯುವುದಿತ್ತು. ಕಾಲಿಡಲು ಜಾಗ ಉಳಿಯಲಿಲ್ಲ.

"ಹೆಣ್ಮಕ್ಕಳು ಹೊರಗ ನಿಂತಾರ್ರಿ, ಒಂದೀಟು ಮಂದಿ ಇಳೀರಿ" ಎಂದ ಕಂಡಕ್ಟರ್.

"ಯಾಕ ಇಳೀಬೇಕ್ರಿ? ಪಟ್ಟಿ ಕೊಟ್ಟಾವರು ನಾವು. ಮೊದಲ್ನೇ ಬಸ್ಸು ನಮ್ದು" ಎಂದ ಹೋಟೆಲಿನವನು.

ನಾನೂ ಹೌದೌದು ಎಂದೆ. ಅವ್ವನಿಗೆ ಸೀಟು ಹಿಡಿಯಲೆಂದು ಹತ್ತಿದ್ದೆ ಎಂದು ಇಲ್ಲಿ ಬರೆಯಬಹುದಿತ್ತು, ಆದರೆ ಅದು ಸುಳ್ಳು. ಡ್ರೈವರನ ಹಿಂದಿನ ಸೀಟಿಗೆ ಟವೆಲು ಎಸೆಯುವಾಗ ನನಗೆ ಅವಳ ನೆನಪೇ ಇರಲಿಲ್ಲ. ಕಂಡಕ್ಟರ್ ಸೀಟಿ ಊದಿದಾಗ ಕಿಟಕಿಯಾಚೆ ನೋಡಿದೆ. ಅವ್ವ ಮಡಿಸೀರೆ ಉಟ್ಟು, ಆಧಾರ್ ಕಾರ್ಡು ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ನಾಚಿಕೆಯಾಯಿತು. ಆಗಲೂ ಎದ್ದು ಇಳಿಯಲಿಲ್ಲ ನಾನು, ಕೂತಲ್ಲಿಂದಲೇ ಕೇಳಿದೆ.

"ಅವ್ವಾ, ನಾ ಇಳೀಲೇನು?"

ಅವಳು ದನಿ ಹಿಡಿದು, ಬಸ್ಸಿನ ಮೈ ತಡವುತ್ತ ನನ್ನ ಕಿಟಕಿಗೆ ಬಂದಳು.

"ನೀನೂ ಒಳಗ ಅದಿಯೇನು?"

ಅವಳು ಸೆರಗಿನ ಗಂಟು ಬಿಚ್ಚಿ ಆಸ್ಪತ್ರೆಯ ಚೀಟಿ ತೆಗೆದು ನನ್ನ ಕೈಗಿಟ್ಟಳು.

"ತೊಗೊ. ಡಾಕ್ಟರಿಗೆ ತೋರ್ಸು. ಸೂಜಿ ನಿನ್ನ ಕಣ್ಣಿಗೆ ಹಾಕಿಸ್ಕೊಂಡು ಬಾ."