ಮೂರು ತಿಂಗಳ ಕೆಲಸ

ಆ ಆಫೀಸಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎನ್ನುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬಳಿಗೇ, ಗಂಡನ ತಂಗಿಗೆ. ಆ ನಾದಿನಿ ಅದೇ ಆಫೀಸಿಗೆ ಸೇರಿ ‘ಅತ್ತಿಗೆ, ಅತ್ತಿಗೆ’ ಎಂದು ಹಿಂದೆ ಮುಂದೆ ಸುತ್ತಿದ್ದೇ ಸುತ್ತಿದ್ದು, ಉಳಿದವರ ಬಾಯಿಗೂ ಅದೇ ಬಂತು. ಇಷ್ಟು ವರ್ಷ ಮೇಡಂ ಆಗಿದ್ದವಳು ನೋಡನೋಡುತ್ತಲೇ ನಾದಿನಿಯ ಅತ್ತಿಗೆಯಾಗಿಹೋದಳು.

ಕಂಪನಿ ತಯಾರಿಸುತ್ತಿದ್ದದ್ದು ಪ್ರೋಗ್ರಾಮ್ ಬರೆಯುವವರು ಬಳಸುವ ಒಂದು ಟೂಲು. ಅದು ಕೈಕೊಟ್ಟಾಗ ಅವರು ಫೋನ್ ಮಾಡುವುದು ಅತ್ತಿಗೆಗೆ. ಅರ್ಧಕ್ಕರ್ಧ ಫೋನುಗಳದ್ದು ಒಂದೇ ಗೋಳು: ಟೂಲು ‘ಏನೋ ತಪ್ಪಾಗಿದೆ’ ಎಂದಷ್ಟೇ ಹೇಳಿ ನಿಂತುಬಿಡುತ್ತದೆ. ಅತ್ತಿಗೆ ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಸುಮ್ಮನಿದ್ದು, ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗ ಬಿಟ್ಟಿದ್ದೀರಾ ಎಂದು ಕೇಳುವಳು. ಬಿಟ್ಟಿರುತ್ತಿದ್ದರು. ಅದನ್ನು ತೆಗೆದದ್ದೇ ಟೂಲು ಓಡುತ್ತಿತ್ತು, ಅವರು ಅತ್ತಿಗೆಯನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ನಡುವೆ ಸುಮ್ಮನಿರುತ್ತಿದ್ದದ್ದು ಬರೀ ಗತ್ತಿಗೆ.

ನಾದಿನಿಗೆ ಸಿಕ್ಕಿದ್ದು ಪ್ಲಾನಿಂಗ್ ಕೆಲಸ. ಟೂಲಿನ ಮುಂದಿನ ಆವೃತ್ತಿಯಲ್ಲಿ ಏನೇನು ಇರಬೇಕು, ಯಾವುದಕ್ಕೆ ಎಷ್ಟು ದಿನ ಎಂದು ಗೊತ್ತುಮಾಡುವುದು. ಬಂದವಳೇ ಎಲ್ಲರ ಕಣ್ಮಣಿಯಾದಳು. ಮನೆಯಲ್ಲೂ ಅವಳದೇ ಸುದ್ದಿ. ಊಟಕ್ಕೆ ಕೂತರೆ ಅತ್ತೆ ಮಗಳ ಆಫೀಸಿನ ವಿಚಾರ ಕೆದಕಿ ಕೆದಕಿ ಕೇಳುವರು. ಅದೇ ಆಫೀಸಿಗೆ ಸೊಸೆಯೂ ಹೋಗಿಬರುತ್ತಾಳೆಂಬುದು ಅವರಿಗೆ ನೆನಪೇ ಇರುತ್ತಿರಲಿಲ್ಲ. ಅತ್ತಿಗೆಯ ಹೊಟ್ಟೆ ಉರಿಯುತ್ತಿತ್ತು. ಫೋನೊಂದಾದರೂ ತನ್ನದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಒಂದು ದಿನ ಮೀಟಿಂಗಿನಲ್ಲಿ ನಾದಿನಿ ಅದಕ್ಕೂ ಕೈಹಾಕಿದಳು. ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಟೂಲೇ ಅದನ್ನು ತೋರಿಸಿ ಹೇಳಲಿ, ಆಗ ಯಾರೂ ಫೋನ್ ಮಾಡಬೇಕಾಗಿಲ್ಲ, ಪಾಪ, ಅತ್ತಿಗೆಗೂ ಸ್ವಲ್ಪ ಬಿಡುವು ಸಿಗುತ್ತದೆ ಎಂದಳು. ಇದು ಎಷ್ಟು ದಿನದ ಕೆಲಸ ಎಂದು ಮ್ಯಾನೇಜರು ಅತ್ತಿಗೆಯನ್ನೇ ಕೇಳಿದರು. ಟೂಲಿನ ಒಳಹೊರಗು ಅವಳಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

“ಮೂರು ತಿಂಗಳು ಬೇಕು,” ಎಂದಳು ಅತ್ತಿಗೆ.

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಮೂಲೆಯಲ್ಲಿದ್ದ ಪ್ರೋಗ್ರಾಮರ್ ನಕ್ಕು, ಇದಕ್ಕೆ ಎರಡು ದಿನ ಸಾಕಲ್ಲವೇ ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅವನಿಗೆ ಉತ್ತರ ಕೊಟ್ಟವಳು ನಾದಿನಿ.

“ನಮ್ಮತ್ತಿಗೆ ಸುಮ್ಸುಮ್ನೆ ಹೇಳೋರಲ್ಲ ಕಣ್ರೀ. ಅವ್ರು ಮೂರು ತಿಂಗಳು ಅಂದ್ರೆ ಮೂರು ತಿಂಗಳೇ. ನಮಗೆ ಕಾಣದೇ ಇರೋದು ಅವ್ರಿಗೇನೋ ಕಂಡಿರತ್ತೆ.”

ಹಾಗೆಂದು, ಬೋರ್ಡಿನ ಮೇಲೆ ಆ ಕೆಲಸದ ಬಗ್ಗೆ ತಾನೇ ಬರೆದಿದ್ದ ಸಾಲನ್ನು ತನ್ನ ಕೈಯಾರೆ ಒರೆಸಿಹಾಕಿದಳು. ನಿಜ ಹೇಳಲು ಅತ್ತಿಗೆಗೆ ಆಗಲೂ ಹೊತ್ತು ಮೀರಿರಲಿಲ್ಲ. ಹೇಳಲಿಲ್ಲ.

ಅವಳು ಕುರ್ಚಿಗೆ ಮರಳುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಅದೇ ಗೋಳು. ಖಾಲಿ ಜಾಗ ತೆಗೆಸಿದಳು, ಹೊಗಳಿಸಿಕೊಂಡಳು. ಎದುರು ಸಾಲಿನಿಂದ ನಾದಿನಿ ಹೆಮ್ಮೆಯಿಂದ ನೋಡುತ್ತಿದ್ದಳು. ಆ ಮುಖದಲ್ಲಿ ಒಂದಿಷ್ಟಾದರೂ ಕೊಂಕು ಇದ್ದೀತೇ ಎಂದು ಅತ್ತಿಗೆ ಹುಡುಕಿದಳು. ಸಿಗಲಿಲ್ಲ. ತಾನು ಯಾರನ್ನೂ, ಕಟ್ಟಿಕೊಂಡ ಗಂಡನನ್ನು ಸಹ, ಹೀಗೆ ಕಣ್ಣುಮುಚ್ಚಿ ನಂಬಿದವಳಲ್ಲ. ಹಾಗೆ ನಂಬುವುದೂ ಇವಳಿಗೇ ಬರಬೇಕೇ ಎಂದು ಅವಳ ಹೊಟ್ಟೆ ಮೊದಲಿಗಿಂತ ಜೋರಾಗಿ ಉರಿಯಿತು.